ಪಂಪು ನಿಲ್ಲದೆ ಹೋದ ಬೆಳಿಗ್ಗೆ

ತರಬೇತಿಗೆ ಬಂದ ಮೊದಲ ದಿನವೇ ಅವಳು ನನ್ನ ಕೈಯಲ್ಲಿದ್ದ ಸ್ಕ್ರೂಡ್ರೈವರ್ ತೆಗೆದುಕೊಂಡಳು. ಜಗಳವೇನಲ್ಲ. ವಾಯರ್ ಜೋಡಿಸುವಾಗ ತುಸು ತಡವರಿಸಿದಳೆಂದು ನಾನು ಅಭ್ಯಾಸಬಲದಿಂದ ನಡುವೆ ಕೈ ಹಾಕಿದ್ದೆ. "ನಾನೇ ಮಾಡುತ್ತೇನೆ ಮೇಡಂ, ತಪ್ಪಾದರೆ ಆಮೇಲೆ ಹೇಳಿ" ಎಂದು ಇಂಗ್ಲಿಷಿನಲ್ಲಿ ಹೇಳಿ, ನನ್ನ ಬೆರಳುಗಳಿಂದ ಅದನ್ನು ಮೆತ್ತಗೆ ಬಿಡಿಸಿಕೊಂಡಳು. ಬೆಳಗಾವಿಯ ಆಟೋ ನಗರದ ತರಬೇತಿ ಕೇಂದ್ರವೊಂದರಲ್ಲಿ ಇಪ್ಪತ್ತೆರಡು ವರ್ಷಗಳಿಂದ ಕಂಟ್ರೋಲ್ ಪ್ಯಾನೆಲ್ ಕೆಲಸ ಕಲಿಸುತ್ತಿದ್ದೇನೆ. ನನ್ನ ಕೈಯಿಂದ ಹತಾರ ಬಿಡಿಸಿಕೊಂಡವರು ಅವಳಿಗಿಂತ ಮುಂಚೆ ಯಾರೂ ಇರಲಿಲ್ಲ. ನನಗೆ ಸಿಟ್ಟು ಬಂದಿತ್ತು ಎಂದು ಒಪ್ಪಿಕೊಂಡುಬಿಡುತ್ತೇನೆ.

ಆ ಸಲ ಆಫ್ರಿಕಾದ ಬೇರೆ ಬೇರೆ ದೇಶಗಳಿಂದ ಐವರು ಹೆಣ್ಣುಮಕ್ಕಳು ಆರು ತಿಂಗಳ ತರಬೇತಿಗೆ ಬಂದಿದ್ದರು. ಇವಳು ಜಾಂಬಿಯಾದವಳು, ವಯಸ್ಸು ಮೂವತ್ತೊಂದು, ಅಲ್ಲಿಯ ಒಂದು ಜಿಲ್ಲೆಯ ನೀರು ಸರಬರಾಜು ಇಲಾಖೆಯಲ್ಲಿ ನೌಕರಿ. ಎಂಟು ವರ್ಷದಿಂದ ಪಂಪು ಬಿಚ್ಚಿ ದುರಸ್ತಿ ಮಾಡುವವಳು ಇವಳು, ವರದಿಗೆ ಸಹಿ ಹಾಕುವವರು ಬೇರೊಬ್ಬರು. ಈಗ ಅಲ್ಲಿ ತಾನಾಗಿಯೇ ನಡೆಯುವ ಪಂಪುಗಳನ್ನು ನೋಡಿಕೊಳ್ಳಲು ಹೊಸ ತಂಡ ಕಟ್ಟುತ್ತಿದ್ದರು. ಅದರ ಮುಖ್ಯಸ್ಥರ ಜಾಗಕ್ಕೆ ಇವಳ ಹೆಸರೂ ಇತ್ತು. ಆದರೆ ಮೇಲಧಿಕಾರಿ ಒಂದು ಷರತ್ತು ಹಾಕಿದ್ದರು. ಒಂದು ಕೆಲಸವನ್ನು ಮೊದಲಿನಿಂದ ಕೊನೆಯವರೆಗೆ ಇವಳೇ ಮುಂದೆ ನಿಂತು ಮುಗಿಸಿದ್ದಾಳೆ ಎಂದು ಬೆಳಗಾವಿಯಿಂದ ಬರಹ ಬರಬೇಕು.

ಆ ಬರಹ ಕೊಡಬೇಕಾದವಳು ನಾನು. ನಮೂನೆಯಲ್ಲಿ ಒಂದು ಪ್ರಶ್ನೆ ಇತ್ತು: ಅಂತಿಮ ಪರೀಕ್ಷೆಯಲ್ಲಿ ತರಬೇತುದಾರರು ಕೈ ಹಾಕಿದರೇ? 'ಹೌದು' ಎಂದು ಬರೆದರೆ ಅವಳು ಊರಿಗೆ ಹೋಗಿ ಮತ್ತೆ ಇನ್ನೊಬ್ಬರ ಸಹಿಯ ಕೆಳಗೇ ಪಂಪು ಬಿಚ್ಚುತ್ತ ಕೂರಬೇಕು. ಸುಳ್ಳು ಬರೆಯುವ ಜಾಯಮಾನ ನನ್ನದಲ್ಲ. ಸುಮ್ಮನಿರುವ ಜಾಯಮಾನವೂ ಅಲ್ಲ. ತೊಂದರೆ ಇದ್ದದ್ದು ಅಲ್ಲೇ.

ಅವಳಿಗೆ ಕೊಟ್ಟ ಕೆಲಸ ಖಾನಾಪುರದಾಚೆ, ಕಾಡಿನಂಚಿನ ಒಂದು ಊರಿನದು. ಹಳ್ಳದ ದಂಡೆಯಲ್ಲಿ ಜಾಕ್‌ವೆಲ್ ಎಂಬ ನೀರೆತ್ತುವ ಬಾವಿ, ಅದರಲ್ಲಿ ಹತ್ತು ಎಚ್‌ಪಿ ಮೋಟಾರು. ಅಲ್ಲಿಂದ ಒಂದೂವರೆ ಕಿಲೋಮೀಟರ್ ದೂರದ ದಿನ್ನೆಯ ಮೇಲೆ ಊರಿಗೆಲ್ಲ ನೀರು ಕೊಡುವ ಟಾಕಿ. ಟಾಕಿ ತುಂಬಿತೋ ಇಲ್ಲವೋ ಎಂದು ನೋಡಲು ಪಂಪಿನ ಆಪರೇಟರ್ ದಿನಕ್ಕೆ ಎರಡು ಸಲ ದಿನ್ನೆ ಹತ್ತಿ ಇಳಿಯಬೇಕಿತ್ತು. ತಡವಾದರೆ ನೀರು ತುಂಬಿ ಹರಿದು ಹೋಗುತ್ತಿತ್ತು. ಹಳ್ಳದಲ್ಲಿ ನೀರು ಇಳಿದಾಗ ಮೋಟಾರು ಒಣಗಿಯೇ ತಿರುಗಿ ಎರಡು ಸಲ ಸುಟ್ಟಿತ್ತು, ಪ್ರತಿ ಸಲ ಊರಿನವರು ವಾರಗಟ್ಟಲೆ ಕೊಡ ಹೊತ್ತಿದ್ದರು.

ನಮ್ಮ ಯೋಜನೆ ಸರಳ. ಟಾಕಿಯಲ್ಲಿ ನೀರಿನ ಮಟ್ಟ ಅಳೆಯುವ ಸೆನ್ಸರ್, ಆ ಸುದ್ದಿಯನ್ನು ಕೆಳಗಿನ ಪ್ಯಾನೆಲ್‌ಗೆ ಕಳಿಸುವ ಸಣ್ಣ ರೇಡಿಯೋ. ಟಾಕಿ ತುಂಬಿದರೆ ಪ್ಯಾನೆಲ್ಲಿನ ರಿಲೇ ಎಂಬ ಸ್ವಿಚ್ಚು ಮೋಟಾರನ್ನು ತಾನೇ ನಿಲ್ಲಿಸಬೇಕು. ಬಾವಿಯಲ್ಲಿ ನೀರು ಇಳಿದರೂ ನಿಲ್ಲಿಸಬೇಕು. ಎಲ್ಲಕ್ಕಿಂತ ಮುಖ್ಯವಾದದ್ದು, ರೇಡಿಯೋ ಸುದ್ದಿಯೇ ಬರದಿದ್ದರೆ ಮೂವತ್ತು ಸೆಕೆಂಡಿನೊಳಗೆ ಮೋಟಾರು ನಿಲ್ಲಬೇಕು. ಏನೂ ಗೊತ್ತಿಲ್ಲದೆ ಓಡುವುದಕ್ಕಿಂತ ನಿಂತಿರುವುದೇ ಲೇಸು ಎಂಬುದು ನಮ್ಮ ಕಸುಬಿನ ಮೊದಲ ಪಾಠ.

ಪ್ಯಾನೆಲ್ ಕಟ್ಟಲು ಮೂರು ವಾರ ಹಿಡಿಯಿತು. ಒಂದು ಸಂಜೆ ಅವಳು ಟಿಳಕವಾಡಿಯ ಪೇಟೆಗೆ ಹೋಗಿ ಉಗುರುಬಣ್ಣದ ಕೆಂಪು ಬಾಟಲಿ ತಂದಳು. ಅಲಂಕಾರಕ್ಕಿರಬೇಕು ಎಂದುಕೊಂಡೆ. ಮರುದಿನ ನೋಡಿದರೆ ಒಂದೊಂದು ಸ್ಕ್ರೂ ಬಿಗಿ ಮಾಡಿ ಎಳೆದು ನೋಡಿ, ಅದರ ತಲೆಯಿಂದ ವಾಯರ್ ಸಿಕ್ಕಿಸುವ ಟರ್ಮಿನಲ್‌ನ ಮೈ ಮೇಲಕ್ಕೆ ಸಣ್ಣ ಕೆಂಪು ಗೆರೆ ಎಳೆಯುತ್ತಿದ್ದಾಳೆ. ಬಿಗಿ ಮಾಡಿದ್ದಕ್ಕೆ ಗುರುತು. ಆಮೇಲೆ ಯಾರಾದರೂ ತಿರುಗಿಸಿದರೆ ಗೆರೆ ಮುರಿಯುತ್ತದೆ. ನಾವೂ ಪೆನ್ನಿನಿಂದ ಗುರುತು ಮಾಡುತ್ತೇವೆ, ಆದರೆ ದೊಡ್ಡ ಪ್ಯಾನೆಲ್ಲಿಗೆ ಮಾತ್ರ, ಅದೂ ನೆನಪಾದರೆ. ಇವಳು ನಲವತ್ತೆಂಟು ಟರ್ಮಿನಲ್‌ಗೂ ಎಳೆದಳು. "ಮದುವೆ ಮಾಡ್ತೀಯೇನು ಪ್ಯಾನೆಲ್ಲಿಗೆ?" ಎಂದು ಚೇಷ್ಟೆ ಮಾಡಿದೆ. "ಹೌದು, ಗಂಡು ಖಾನಾಪುರದಲ್ಲಿದ್ದಾನೆ" ಎಂದಳು.

ಅಲ್ಲಿ ಜೋಡಿಸಲು ಖಾನಾಪುರದ ಒಬ್ಬ ವಾಯರ್‌ಮನ್ ಸಿಕ್ಕರು. ಅರವತ್ತರ ಹತ್ತಿರದ ಹಿರಿಯರು, ಕೈ ಬಹಳ ಶುದ್ಧ. ಮನೆಯಲ್ಲಿ ಮರಾಠಿ, ನಮ್ಮ ಜೊತೆ ಕನ್ನಡ, ಇಂಗ್ಲಿಷ್ ಇಲ್ಲ. ಹೀಗಾಗಿ ಅವಳ ಮಾತನ್ನು ನಾನು ಅವರಿಗೆ ಹೇಳಬೇಕು, ಅವರದನ್ನು ಅವಳಿಗೆ. ಈ ಕಡೆಯ ವಾಯರ್‌ಮನ್‌ಗಳಿಗೆ ಒಂದು ರೂಢಿ ಇದೆ. ಯಾವ ಪ್ಯಾನೆಲ್ ಕೊಡಿ, ಒಳಗೆ ಒಂದು 'ಡೈರೆಕ್ಟ್' ವಾಯರ್ ಎಳೆದಿಡುತ್ತಾರೆ. ಆಟೋಮೆಟಿಕ್ ಕೈಕೊಟ್ಟರೆ ಅದನ್ನೆಲ್ಲ ಬಿಟ್ಟು ಬಟನ್ ಒತ್ತಿ ಮೋಟಾರು ಓಡಿಸಬಹುದು. ಕಬ್ಬಿಗೆ ನೀರು ಹಾಯಿಸುವವರು ಅದನ್ನೇ ಕೇಳುತ್ತಾರೆ. ಅವಳಿಗೆ ಈ ಸಂಗತಿಯನ್ನು ನಾನೇ ನಗುತ್ತ ಹೇಳಿದ್ದೆ.

ಅವಳು ನಗಲಿಲ್ಲ. ಜೋಡಣೆಯ ಮೊದಲ ದಿನವೇ ವಾಯರ್‌ಮನ್ ಮುಂದೆ ನಿಂತು ಸ್ಪಷ್ಟವಾಗಿ ಹೇಳಿದಳು: "ಈ ಪ್ಯಾನೆಲ್ಲಿನಲ್ಲಿ ಡೈರೆಕ್ಟ್ ಇರಬಾರದು. ನಾನು ಬಾಗಿಲು ಮುಚ್ಚಿದ ಮೇಲೆ ನನ್ನನ್ನು ಕೇಳದೆ ಯಾರೂ ತೆಗೆಯಬಾರದು. ಡೈರೆಕ್ಟ್ ಹಾಕಿದರೆ ಮೋಟಾರು ಮೂರನೇ ಸಲ ಸುಡುತ್ತದೆ."

ವಾಯರ್‌ಮನ್ ನನ್ನ ಮುಖ ನೋಡಿದರು. "ಏನಂತಾರ್ರಿ ಬಾಯಾರ?" ಎಂದು ನನ್ನನ್ನು ಕೇಳಿದರು. ಮೇಡಂಗೆ ಈ ಕಡೆ ಬಾಯಾರ ಎನ್ನುತ್ತಾರೆ.

ಹಿರಿಯ ಮನುಷ್ಯ. ನಲವತ್ತು ವರ್ಷ ಈ ಸೀಮೆಯ ಮೋಟಾರುಗಳನ್ನೆಲ್ಲ ಮುಟ್ಟಿದವರು. ಅವರ ಮುಖಕ್ಕೆ 'ಮುಟ್ಟಬೇಡಿ' ಎಂದು ಹೇಳಲು ನನ್ನ ನಾಲಿಗೆ ಹೊರಳಲಿಲ್ಲ. "ಏನಿಲ್ರಿ ಕಾಕಾ, ನಿಮ್ಮ ಕೆಲಸ ಭಾಳ ಛಲೋ ಐತಿ ಅಂತಾರ. ಸ್ವಲ್ಪ ನೋಡ್ಕೊಂಡ ಕೈ ಹಾಕ್ರಿ, ಅಷ್ಟ" ಎಂದೆ. ಅವರು ಸಂತೋಷದಿಂದ ತಲೆಯಾಡಿಸಿದರು. ಅವಳೂ ತಲೆಯಾಡಿಸಿದಳು. ಇಬ್ಬರೂ ಸಮಾಧಾನವಾಗಿದ್ದಾರಲ್ಲ, ಇನ್ನೇನು ಬೇಕು ಎಂದುಕೊಂಡೆ.

ಮೊದಲ ಪೆಟ್ಟು ರೇಡಿಯೋದಿಂದ ಬಂತು. ಆಟೋ ನಗರದಲ್ಲಿ ಒಂದು ಶೆಡ್ಡಿನಿಂದ ಇನ್ನೊಂದಕ್ಕೆ ಗಿಳಿಯಂತೆ ಮಾತಾಡಿದ್ದ ರೇಡಿಯೋ ಇಲ್ಲಿ ಬಾಯಿ ಬಿಡಲಿಲ್ಲ. ನಡುವೆ ದಟ್ಟ ಮರಗಳು, ಒಂದು ಏರು ಬೇರೆ. ಎರಡು ದಿನ ಅವಳು ಆಂಟೆನಾ ಹಿಡಿದುಕೊಂಡು ತಿರುಗಿದಳು. ಒಂದೊಂದು ಜಾಗಕ್ಕೂ ನಿಂತು ಸಿಗ್ನಲ್ ಎಷ್ಟು ಎಂದು ವಹಿಯಲ್ಲಿ ಬರೆದಳು. ಕೊನೆಗೆ ಟಾಕಿಯ ಏಣಿ ಹತ್ತಿ, ಆಂಟೆನಾವನ್ನು ಅದರ ನೆತ್ತಿಗಿಂತ ಆರು ಅಡಿ ಮೇಲೆ ಪೈಪಿಗೆ ಕಟ್ಟಿದಾಗ ಸುದ್ದಿ ಬಂತು.

ಏಣಿ ಹಿಡಿದು ನಿಂತದ್ದು ಪಂಪಿನ ಆಪರೇಟರ್. ಅವಳು ಶತಮಾನಗಳ ಹಿಂದೆ ಆಫ್ರಿಕಾದಿಂದ ಬಂದು ನೆಲೆಸಿದ ಸಿದ್ದಿ ಸಮುದಾಯದ ಹೆಣ್ಣುಮಗಳು, ಎರಡು ಮಕ್ಕಳ ತಾಯಿ, ಮಾತಿನಲ್ಲಿ ಚುರುಕು. ಖಾನಾಪುರದ ಕಡೆ ಜನಕ್ಕೆ ಸಿದ್ದಿಗಳು ಹೊಸಬರಲ್ಲವಾದ್ದರಿಂದ ದಾರಿಯಲ್ಲಿ ಹೋಗುವವರು ನಮ್ಮ ಜಾಂಬಿಯಾದವಳನ್ನು "ಹಳಿಯಾಳ ಕಡೆಯವ್ರೇನ್ರಿ?" ಎಂದು ಕೇಳುತ್ತಿದ್ದರು, ಕೆಲವರು ಸೀದಾ ಮರಾಠಿಯಲ್ಲೇ ಮಾತಿಗಿಳಿಯುತ್ತಿದ್ದರು. ಎಷ್ಟು ಜನಕ್ಕೆ ಬಿಡಿಸಿ ಹೇಳುವುದು? ಕೊನೆಗೆ ಆಪರೇಟರ್ ದಾರಿ ತೋರಿದಳು. "ನಮ್ಮ ಮನಿ ಹೆಣ್ಮಗಳು ಅಂತ ಹೇಳಿಬಿಡ್ರಿ ಬಾಯಾರ. ಖರೇನ ಐತಿ, ಭಾಳ ಹಿಂದಿನ ಮಾತು ಅಷ್ಟ." ನಾನು ಅದನ್ನು ಇಂಗ್ಲಿಷಿನಲ್ಲಿ ಹೇಳಿದಾಗ ಜಾಂಬಿಯಾದವಳು ಆಪರೇಟರಳ ಕೈ ಹಿಡಿದುಕೊಂಡು ಸ್ವಲ್ಪ ಹೊತ್ತು ಬಿಡಲಿಲ್ಲ.

ಉದ್ಘಾಟನೆಯ ದಿನ ಬಂತು. ಹೊಸ ಪ್ಯಾನೆಲ್ ಎಂದರೆ ಪೂಜೆ ಇಲ್ಲದೆ ನಡೆಯುವುದಿಲ್ಲ. ಪಂಚಾಯಿತಿಯ ಒಬ್ಬ ಹಿರಿಯ ಸದಸ್ಯರು ಮುಂದಾಗಿ ಗುರುಗಳಿಂದ ಹನ್ನೊಂದು ಇಪ್ಪತ್ತಕ್ಕೆ ಮುಹೂರ್ತ ತೆಗೆಸಿದ್ದರು. ಅಂತಿಮ ಪರೀಕ್ಷೆಗೆ ಅವಳು ಒಂಬತ್ತು ಗಂಟೆ ಇಟ್ಟುಕೊಂಡಿದ್ದಳು. ಟಾಕಿ ತುಂಬಿದರೆ ನಿಲ್ಲುವುದು, ಬಾವಿಯ ನೀರು ಇಳಿದರೆ ನಿಲ್ಲುವುದು, ಸುದ್ದಿ ತಪ್ಪಿದರೆ ನಿಲ್ಲುವುದು ಎಂದು ಮೂರು ಪರೀಕ್ಷೆ, ಒಂದೊಂದು ಮೂರು ಸಲ. ಎಲ್ಲ ಪಾಸಾದರೆ ಮಾತ್ರ ಚಾಲೂ. ಹಳ್ಳದ ದಂಡೆಯ ಪಂಪ್‌ಹೌಸಿನಲ್ಲಿ ನಾನು ಅವಳ ಪಕ್ಕ ನಮೂನೆ ಹಿಡಿದು ನಿಂತಿದ್ದೆ.

ಕಷ್ಟದ್ದನ್ನು ಮೊದಲು ನೋಡೋಣ ಎಂದು ಮೂರನೆಯದರಿಂದ ಶುರು ಮಾಡಿದಳು. ಮೋಟಾರು ಹಾಕಿ, ಪ್ಯಾನೆಲ್ಲಿನ ಕಡೆಯ ಆಂಟೆನಾದ ಕೇಬಲ್ ಬಿಚ್ಚಿದಳು. ಗಡಿಯಾರ ನೋಡುತ್ತ ನಿಂತೆವು. ಮೂವತ್ತು ಸೆಕೆಂಡಿಗೆ 'ಸುದ್ದಿ ಇಲ್ಲ' ಎಂಬ ಕೆಂಪು ದೀಪ ಹತ್ತಿತು. ರಿಲೇಯ ಹಸಿರು ದೀಪ ಆರಿತು. ಮೋಟಾರು ಮಾತ್ರ ಗುಂಯ್ ಎಂದು ಓಡುತ್ತಲೇ ಇತ್ತು. ನಲವತ್ತು, ಐವತ್ತು, ಒಂದು ನಿಮಿಷ. ಅವಳು ಕೈಯಿಂದ ಬಂದ್ ಮಾಡಿದಳು. ಮತ್ತೊಮ್ಮೆ ಮಾಡಿದಳು, ಮಗದೊಮ್ಮೆ ಮಾಡಿದಳು. ಮೂರು ಸಲವೂ ಅದೇ ಹಾಡು.

"ಪ್ರೋಗ್ರಾಮ್ ನೋಡು" ಎಂದೆ. ಲ್ಯಾಪ್‌ಟಾಪಿನ ಕಡೆ ನನ್ನ ಕೈ ಹೋಗಿಯೇಬಿಟ್ಟಿತ್ತು.

"ಮೇಡಂ, ಮುಟ್ಟಬೇಡಿ" ಎಂದಳು. "ಹಸಿರು ದೀಪ ಆರಿದೆ. ಪ್ರೋಗ್ರಾಮ್ ತನ್ನ ಕೆಲಸ ಮಾಡಿದೆ. ತಪ್ಪು ಅದರಾಚೆ ಇದೆ."

ನಾನು ಕೈ ಹಿಂದಕ್ಕೆ ತೆಗೆದುಕೊಂಡೆ. ರಿಲೇ ಒಳಗೇ ಅಂಟಿಕೊಂಡಿರಬಹುದು ಎಂದು ಅದನ್ನು ಕಿತ್ತು ಹೊಸದು ಹಾಕಿದಳು. ಮೋಟಾರು ನಿಲ್ಲಲಿಲ್ಲ. ಅವಳ ಹಣೆಯ ಮೇಲೆ ಬೆವರು ಕಂಡಿತು. ಅಷ್ಟರಲ್ಲಿ ಹತ್ತೂಮುಕ್ಕಾಲು. ಹೊರಗೆ ತೋರಣ ಕಟ್ಟಿದ್ದರು, ಹೆಂಗಸರು ಆರತಿ ತಟ್ಟೆ ಹಿಡಿದು ಬಂದಿದ್ದರು. ಸದಸ್ಯರು ಬಾಗಿಲಲ್ಲಿ ಇಣುಕಿದರು.

"ಬಾಯಾರ, ಹೊತ್ತಾತ್ರಿ. ಬಟನ್ ಒತ್ತಿದ್ರ ಮೋಟರ್ ಚಾಲೂ ಆಗತೈತಿಲ್ಲೋ? ಅಷ್ಟ ಸಾಕಲ್ರಿ. ಉಳಿದಿದ್ದು ಆಮ್ಯಾಲ ಮಾಡ್ಕೊರ್ರಿ."

ನಿಜ ಹೇಳುತ್ತೇನೆ, ನನಗೂ ಹಾಗೇ ಅನಿಸಿತು. ಪೂಜೆ ಮುಗಿಸಿ, ಎಲ್ಲರೂ ಪ್ರಸಾದ ತಿಂದು ಹೋದ ಮೇಲೆ ತಪ್ಪು ಹುಡುಕಿದರಾಯಿತು. ಅವರ ಮಾತನ್ನು ಅವಳಿಗೆ ಹೇಳಿದೆ.

"ಇಲ್ಲ" ಎಂದಳು. "ಪರೀಕ್ಷೆ ಪಾಸಾಗದೆ ಪಂಪು ಚಾಲೂ ಆಗುವುದಿಲ್ಲ. ಎಷ್ಟು ಹೊತ್ತು ಹಿಡಿಯುತ್ತದೋ ನನಗೆ ಗೊತ್ತಿಲ್ಲ. ಹೀಗೇ ಹೇಳಿ."

ನಾನು ಸದಸ್ಯರ ಕಡೆ ತಿರುಗಿ ನಕ್ಕೆ. "ಐದ ನಿಮಿಷ ತಡೀರಿ ಅಂತಾರ್ರಿ. ಆಗೇ ಹೋತು."

ಐದು ತಿಂಗಳು ಬೆಳಗಾವಿಯ ಸಂತೆಯಲ್ಲಿ ಚೌಕಾಸಿ ಮಾಡಿದವಳಿಗೆ ಅಷ್ಟು ಕನ್ನಡ ತಿಳಿಯದೆ ಇರುತ್ತದೆಯೇ? ಅವಳು ಟೆಸ್ಟರ್ ಕೆಳಗಿಟ್ಟಳು. "ನಾನು ಐದು ನಿಮಿಷ ಎಂದೆನೇ ಮೇಡಂ?"

ನಾನು ಕೈಯಲ್ಲಿದ್ದ ನಮೂನೆಯನ್ನು ಮಡಚತೊಡಗಿದೆ.

"ನನ್ನ ಮಾತು ನಿಮ್ಮ ಬಾಯಿಂದ ಹೊರಗೆ ಬರುವಾಗ ಪ್ರತಿ ಸಲ ಚಿಕ್ಕದಾಗಿರುತ್ತದೆ. ನಾನು ನಾಲ್ಕು ಮಾತು ಹೇಳುತ್ತೇನೆ, ನೀವು ನಕ್ಕು ಒಂದು ಮಾತು ಹೇಳುತ್ತೀರಿ. ಜಾಂಬಿಯಾದ ನಮ್ಮ ಊರಲ್ಲೂ ಹೀಗೇ. ನನ್ನ ಪರವಾಗಿ ಮಾತಾಡುವವರೆಲ್ಲ ಒಳ್ಳೆಯವರೇ."

ದನಿ ಏರಿಸಲಿಲ್ಲ ಅವಳು. ಏರಿಸಿದ್ದರೆ ನಾನೂ ಏರಿಸಿ ಪಾರಾಗುತ್ತಿದ್ದೆ. ಗಂಡಸರೇ ತುಂಬಿದ ಶೆಡ್ಡುಗಳಲ್ಲಿ ಇಪ್ಪತ್ತೆರಡು ವರ್ಷ ನಾನು ಬಾಳಿದ್ದು ಸಕ್ಕರೆ ಸವರಿದ ಮಾತಿನಿಂದ. ಇಲ್ಲ ಎನ್ನಬೇಕಾದಲ್ಲಿ ನೋಡೋಣ ಎಂದು, ತಪ್ಪು ಎನ್ನಬೇಕಾದಲ್ಲಿ ಛಲೋ ಐತಿ ಎಂದು. ಅದು ನನಗೆ ಅನ್ನ ಹಾಕಿದೆ, ಅಲ್ಲಗಳೆಯುವುದಿಲ್ಲ. ಆದರೆ ಅದೇ ಸಕ್ಕರೆಯನ್ನು ಅವಳ ಬಾಯಿಗೂ ತುರುಕುತ್ತಿದ್ದೆ, ಅವಳನ್ನು ಕೇಳದೆ. ನಾಚಿಕೆಯಾಯಿತು.

ಬಾಗಿಲಿಗೆ ಹೋಗಿ ಸದಸ್ಯರಿಗೆ ಹೇಳಿದೆ: "ಸಾಹೇಬ್ರ, ನಾ ತಪ್ಪ ಹೇಳಿದ್ನಿ. ಆಕಿ ಐದ ನಿಮಿಷ ಅಂದಿಲ್ಲ. ಪರೀಕ್ಷಾ ಪಾಸ್ ಆಗದ ಮೋಟರ್ ಹಚ್ಚಂಗಿಲ್ಲ ಅಂದಾಳ. ಎಷ್ಟ ಹೊತ್ತ ಆಗತೈತಿ ಗೊತ್ತಿಲ್ಲ ಅಂದಾಳ. ಇಲ್ಲಿ ಮುಖ್ಯಸ್ಥಿ ಆಕಿ. ಆಕಿ ಬ್ಯಾಡ ಅಂದ್ರ ಬ್ಯಾಡ."

"ಮುಹೂರ್ತ ಹೋಗತೈತ್ರಿ ಬಾಯಾರ!"

"ಹೋಗ್ಲಿ ಬಿಡ್ರಿ. ಮೋಟರ್ ಹೋದ್ರ ಮತ್ತ ಕೊಡಾ ಹೊರೂದ ಯಾರು?"

ಅವರು ಮುಖ ಗಂಟಿಕ್ಕಿಕೊಂಡು ಹೊರಗೆ ಹೋದರು. ನಾನು ಒಂದು ಕುರ್ಚಿ ಎಳೆದುಕೊಂಡು ಪ್ಯಾನೆಲ್ಲಿನಿಂದ ದೂರ, ಗೋಡೆಗೆ ಒರಗಿ ಕೂತೆ. ಕೈ ಎರಡನ್ನೂ ತೊಡೆಯ ಕೆಳಗೆ ಇಟ್ಟುಕೊಂಡೆ. ಬೇರೆ ದಾರಿ ನನಗೆ ಗೊತ್ತಿರಲಿಲ್ಲ.

ಅವಳು ಕರೆಂಟ್ ಪೂರ್ತಿ ಬಂದ್ ಮಾಡಿ, ಬ್ಯಾಟರಿ ದೀಪ ಹಿಡಿದು, ಒಂದನೇ ಟರ್ಮಿನಲ್‌ನಿಂದ ಶುರು ಮಾಡಿದಳು. ಅಳೆಯಲಿಲ್ಲ, ಬರೀ ನೋಡಿದಳು. ಎರಡು, ಮೂರು, ನಾಲ್ಕು. ಹೊರಗೆ ಗುಜುಗುಜು ಏರಿತು. ಹದಿನೇಳನೆಯದರ ಹತ್ತಿರ ಅವಳ ಬೆರಳು ನಿಂತಿತು. ಕೆಂಪು ಗೆರೆ ಮುರಿದಿತ್ತು. ಸ್ಕ್ರೂ ತಲೆಯ ಮೇಲಿನ ಅರ್ಧ ಒಂದು ಕಡೆ, ಪಕ್ಕದ ಅರ್ಧ ಇನ್ನೊಂದು ಕಡೆ. ಇಪ್ಪತ್ತಮೂರರಲ್ಲೂ ಹಾಗೇ. ವಾಯರ್ ಹೋಗುವ ಕೊಳವೆಯ ಮುಚ್ಚಳ ತೆಗೆದಳು. ಉಳಿದವುಗಳ ಬಣ್ಣದ್ದೇ ಒಂದು ವಾಯರ್, ಅಚ್ಚುಕಟ್ಟಾಗಿ ಮಡಚಿ, ಹದಿನೇಳರಿಂದ ಇಪ್ಪತ್ತಮೂರಕ್ಕೆ. ರಿಲೇ ಸಂಪರ್ಕ ಬಿಟ್ಟರೂ ಮೋಟಾರಿಗೆ ಕರೆಂಟ್ ಈ ಅಡ್ಡದಾರಿಯಿಂದ ಹೋಗುತ್ತಿತ್ತು. ನಕ್ಷೆಯಲ್ಲಿ ಅಂಥ ವಾಯರ್ ಇರಲಿಲ್ಲ.

ಅವಳು ಏನೂ ಕೇಳುವ ಮೊದಲೇ ವಾಯರ್‌ಮನ್ ಮುಂದೆ ಬಂದರು. ಟೋಪಿ ತೆಗೆದು ಕೈಯಲ್ಲಿ ಹಿಡಿದಿದ್ದರು.

"ನಿನ್ನಿ ಸಂಜಿಕ ನಾನ ಹಾಕೀನ್ರಿ. ಇಷ್ಟ ಮಂದಿ ಮುಂದ ಬಟನ್ ಒತ್ತಿದಾಗ ಮೋಟರ್ ಹತ್ತಲಿಲ್ಲಂದ್ರ ಆ ಹುಡುಗಿ ಮಾನ ಹೋಗತೈತಿ ಅಂತ. ಪರದೇಶದಿಂದ ಬಂದಾಕಿ. ಪೂಜಿ ಮುಗದ ಕೂಡ್ಲೇ ತಗದ ಬಿಡಾವ ಇದ್ನಿ."

ಇದನ್ನು ಒಂದಕ್ಷರ ಬಿಡದೆ ಅವಳಿಗೆ ಹೇಳಿದೆ. ಆಮೇಲೆ ಅವಳಿಗೂ ಅವರಿಗೂ ಎರಡೂ ಭಾಷೆಯಲ್ಲಿ ಉಳಿದದ್ದನ್ನು ಹೇಳಿದೆ. "ಕಾಕಾ, ಡೈರೆಕ್ಟ್ ಹಾಕಬ್ಯಾಡ್ರಿ ಅಂತ ಆಕಿ ಮೊದಲನೇ ದಿನಾನ ಹೇಳಿದ್ಲು. ನಾನ ನಿಮಗ ಹೇಳಲಿಲ್ಲ. ನಿಮ್ಮ ಮನಸ್ಸಿಗೆ ಹತ್ತೀತು ಅಂತ ನುಂಗಿದ್ನಿ. ತಪ್ಪ ನಂದ."

ವಾಯರ್‌ಮನ್ ನನ್ನನ್ನು ನೋಡಿದ ನೋಟವನ್ನು ಮರೆಯಲಾರೆ. "ಹೇಳಿದ್ರ ನಾ ಯಾಕ ಹಾಕ್ತಿದ್ನಿ ಬಾಯಾರ? ನನಗ ಹೇಳಿದ್ರ ತಿಳಿಯಂಗಿಲ್ಲೇನು?" ಮನಸ್ಸು ನೋಯಬಾರದೆಂದು ಮುಚ್ಚಿಟ್ಟದ್ದೇ ಅವರ ಮನಸ್ಸನ್ನು ಹೆಚ್ಚು ನೋಯಿಸಿತ್ತು.

ಅವಳು ಸ್ಕ್ರೂಡ್ರೈವರನ್ನು ಅವರ ಕೈಗೆ ಕೊಟ್ಟು, ತಾನು ಬ್ಯಾಟರಿ ಹಿಡಿದಳು. ಅವರು ಹಾಕಿದ್ದನ್ನು ಅವರೇ ತೆಗೆದರು. ಸ್ಕ್ರೂ ಬಿಗಿ ಮಾಡಿ, ಎಳೆದು ನೋಡಿ, ಉಗುರುಬಣ್ಣದ ಬಾಟಲಿಗೆ ಕೈ ಚಾಚಿದರು. ಹೊಸ ಗೆರೆ ಎರಡನ್ನೂ ಎಳೆದವರು ಅವರೇ.

ಮತ್ತೆ ಮೋಟಾರು ಹಾಕಿದಳು, ಕೇಬಲ್ ಬಿಚ್ಚಿದಳು. ಇಪ್ಪತ್ತೆಂಟು, ಇಪ್ಪತ್ತೊಂಬತ್ತು, ಠಕ್ ಎಂದು ಮೋಟಾರಿಗೆ ಕರೆಂಟ್ ಕೊಡುವ ಕಾಂಟ್ಯಾಕ್ಟರ್ ಬಿಟ್ಟಿತು. ಮೋಟಾರಿನ ದನಿ ಇಳಿದು ಇಳಿದು ನಿಂತಿತು, ಹಳ್ಳದ ನೀರಿನ ಸಪ್ಪಳ ಕೇಳಿಸಿತು. ಆಹಾ, ಮೋಟಾರು ನಿಂತದ್ದಕ್ಕೆ ಇಷ್ಟು ಖುಷಿಪಟ್ಟ ಜನ ಖಾನಾಪುರ ತಾಲೂಕಿನಲ್ಲೇ ಇರಲಿಕ್ಕಿಲ್ಲ. ಅವಳು ಮಾತ್ರ ಮುಖ ಸಡಿಲಿಸಲಿಲ್ಲ. ಮೂರೂ ಪರೀಕ್ಷೆ, ಮೂರೂ ಸಲ ಮುಗಿಸಿ, ವಹಿಯಲ್ಲಿ ಬರೆದು, ಆಮೇಲೆ ನೆಲದ ಮೇಲೆ ಕಾಲು ಚಾಚಿ ಕೂತು ಒಂದು ತಂಬಿಗೆ ನೀರು ಕುಡಿದಳು.

ಗಂಟೆ ಹನ್ನೆರಡೂವರೆ ದಾಟಿತ್ತು. ಸದಸ್ಯರಿಗೆ ಮುಹೂರ್ತದ್ದೇ ಕೊರಗು. ಗುರುಗಳು ಪಂಚಾಂಗ ತಿರುವಿ ಹಾಕಿ, "ಒಂದು ಹತ್ತಕ್ಕ ಇನ್ನೊಂದ ಐತಿ ತಗೋರಿ. ಅದಕ್ಕಿಂತ ಇದ ಛಲೋ ಐತಿ" ಎಂದರು. ಸದಸ್ಯರ ಮುಖ ಅರಳಿತು. ಬಟನ್ ಯಾರು ಒತ್ತಬೇಕು ಎಂಬ ಮಾತು ಬಂದಾಗ ಅವಳು ನನ್ನ ಕಡೆ ನೋಡಲೇ ಇಲ್ಲ. ಆಪರೇಟರ್ ಕಡೆ ಕೈ ಮಾಡಿ ತನ್ನದೇ ಕನ್ನಡದಲ್ಲಿ "ಅಕ್ಕಾ, ನೀವ ಬರ್ರಿ" ಎಂದಳು. ಆಪರೇಟರ್ ಸೆರಗಿನಿಂದ ಕೈ ಒರೆಸಿಕೊಂಡು ಬಂದು ಒತ್ತಿದಳು. ಸದಸ್ಯರು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದರು.

ಮರುದಿನ ಆಟೋ ನಗರದಲ್ಲಿ ಅವಳ ವರದಿ ನನ್ನ ಮೇಜಿಗೆ ಬಂತು. ತಡಕ್ಕೆ ಕಾರಣ ಎಂಬ ಜಾಗದಲ್ಲಿ ಹೀಗೆ ಬರೆದಿದ್ದಳು: 'ಡೈರೆಕ್ಟ್ ವಾಯರ್ ಕೂಡದು ಎಂಬ ಸೂಚನೆ ಕೆಲಸಗಾರರಿಗೆ ತಲುಪಿತೇ ಎಂದು ಮುಖ್ಯಸ್ಥೆ ಖಚಿತ ಮಾಡಿಕೊಳ್ಳಲಿಲ್ಲ. ಬರಹದಲ್ಲೂ ಕೊಡಲಿಲ್ಲ.' ನನ್ನ ಹೆಸರಿನ ಸುಳಿವೇ ಇಲ್ಲ.

"ಇದು ಸುಳ್ಳು" ಎಂದೆ. "ತಪ್ಪು ನನ್ನದು. ಹಾಗೇ ಬರೆ."

"ಮುಖ್ಯಸ್ಥೆ ನಾನಲ್ಲವೇ ಮೇಡಂ?" ಎಂದಳು. ತರಬೇತುದಾರರು ಕೈ ಹಾಕಿದರೇ ಎಂಬ ಪ್ರಶ್ನೆಯ ಮುಂದೆ 'ಇಲ್ಲ' ಎಂದು ಬರೆದು ಸಹಿ ಹಾಕಿದೆ. ಆ ಒಂದು ಪದವನ್ನು ಧೈರ್ಯವಾಗಿ ಬರೆಯಲು ಸಾಧ್ಯವಾದದ್ದಕ್ಕೆ ದೇವರಿಗೆ ಕೈ ಮುಗಿದೆ.

ಎರಡು ದಿನದ ಮೇಲೆ ಅವಳ ಮೇಲಧಿಕಾರಿ ವಿಡಿಯೋದಲ್ಲಿ ಮಾತಾಡಿದರು. ವರದಿ ಓದಿದ್ದರು. ತಾವೇ ಹಳೆಯ ಪಂಪು ಮೆಕ್ಯಾನಿಕ್ ಇರಬೇಕು, ಅನುಮಾನದ ಮನುಷ್ಯ. ಅವಳು ನನ್ನ ಪಕ್ಕದಲ್ಲೇ ಕೂತು ಪರದೆಯನ್ನೇ ನೋಡುತ್ತಿದ್ದಳು.

"ಮೇಡಂ, ಮುಚ್ಚುಮರೆ ಇಲ್ಲದೆ ಹೇಳಿ" ಎಂದು ಅವರು ಕೇಳಿದರು. "ನೀವು ಅವಳಿಗೆ ಎಷ್ಟು ಸಹಾಯ ಮಾಡಿದಿರಿ?"

ಈ ಸಲ ನಾನು ನಗಲಿಲ್ಲ, ಸಕ್ಕರೆ ಸವರಲಿಲ್ಲ. "ಸಹಾಯ ಮಾಡಲಿಲ್ಲ ಸರ್" ಎಂದೆ. "ನಾನು ಅಡ್ಡಿ ಮಾಡಿದೆ. ಅವಳು ಅದನ್ನೂ ಹುಡುಕಿ ತೆಗೆದಳು."

ಅವರು ಗಹಗಹಿಸಿ ನಕ್ಕು ತಮ್ಮ ಭಾಷೆಯಲ್ಲಿ ಅವಳಿಗೆ ಏನೋ ಹೇಳಿದರು. ಅವಳು ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು.

"ಏನಂದರು?" ಎಂದು ಕೇಳಿದೆ.

"ಹೊಸ ತಂಡ ಇನ್ನು ನಿನ್ನದೇ ಎಂದರು" ಎಂದಳು, ಮುಖದಿಂದ ಕೈ ತೆಗೆಯದೆ.